ದ್ರಾಕ್ಷಿ ತೊಟ್ಟು, ದಾಳಿಂಬೆ ಸಿಪ್ಪೆಯ ಉರುವಲು ಕಿಟ್ಟ ಕಟ್ಟುವುದೇಕೆ?

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಸಮೀಪ ನಮ್ಮದೊಂದು ಸಣ್ಣ ಹಣ್ಣು ಸಂಸ್ಕರಣಾ ಘಟಕವಿದೆ. ಗಂಟೆಗೆ 500 ಕಿಲೋ ಹಬೆ ಕೊಡುವ, ಕಟ್ಟಿಗೆ ಉರಿಸುವ ಬಾಯ್ಲರ್ ಬಳಸುತ್ತೇವೆ. ಜಾಲಿ ಕಟ್ಟಿಗೆಯ ಬೆಲೆ ಏರಿದ್ದರಿಂದ ಒಣದ್ರಾಕ್ಷಿ ಶೆಡ್‌ಗಳ ತೊಟ್ಟು ಮತ್ತು ಕಸ, ನಮ್ಮಲ್ಲೇ ಉಳಿಯುವ ದಾಳಿಂಬೆ ಮತ್ತು ಲಿಂಬೆ ಸಿಪ್ಪೆ, ತೋಟದ ಚಾಟ್ನಿ ಕಡ್ಡಿ (ಬಳ್ಳಿ ಸವರಿದಾಗ ಬೀಳುವ ಕಡ್ಡಿ) ಇವನ್ನೆಲ್ಲ ಒಣಗಿಸಿ ಪುಡಿ ಮಾಡಿ ಬ್ರಿಕೆಟ್ (ಉರುವಲಿನ ಗಟ್ಟಿ ಅಚ್ಚು) ಒತ್ತಿಸಿದೆವು. ಪ್ರಯೋಗಾಲಯದ ವರದಿಯಲ್ಲಿ ಶಾಖಮೌಲ್ಯ ಕಿಲೋಗೆ 3,800 ಕಿಲೋ ಕ್ಯಾಲೊರಿ, ಬೂದಿ ಶೇ 5 ಎಂದಿತ್ತು. ಆದರೆ ಉರಿಸತೊಡಗಿದ ಕೆಲವೇ ದಿನಗಳಲ್ಲಿ ಗ್ರೇಟಿನ (ಉರುವಲು ಕೂರುವ ಕಬ್ಬಿಣದ ಜಾಲರಿಯ) ಮೇಲೆ ಗಾಜಿನಂಥ ಕಿಟ್ಟ ಕಟ್ಟಿ ಗಾಳಿಯೇ ಬಾರದಂತಾಯಿತು. ಬಿಸಿ ಹೊಗೆ ಹಾಯುವ ಟ್ಯೂಬುಗಳ ಒಳಗೆ ಬಿಳಿ ಪದರ ಕೂತಿದೆ, ಚಿಮಣಿಯಿಂದ ಹೋಗುವ ಹೊಗೆಯ ಉಷ್ಣತೆ ಏರಿದೆ. ತಪ್ಪು ದ್ರಾಕ್ಷಿಯದೋ ದಾಳಿಂಬೆಯದೋ? ತೊಳೆದರೆ ಸರಿಹೋಗುತ್ತದೆಯೇ? ಈ ಬೂದಿಯನ್ನು ದ್ರಾಕ್ಷಿ ತೋಟಕ್ಕೆ ಹಾಕಬಹುದೇ?

ಉತ್ತರ: ವರದಿಯ ಎರಡೂ ಅಂಕಿಗಳು ಸರಿಯಾಗಿಯೇ ಇರಬಹುದು, ಆದರೆ ನಿಮ್ಮ ತೊಂದರೆಯ ಕಾರಣ ಆ ಎರಡರಲ್ಲೂ ಕಾಣುವುದಿಲ್ಲ. ಬೂದಿ ಶೇ 5 ಎಂಬುದು ಅದರ ಪ್ರಮಾಣವನ್ನಷ್ಟೇ ಹೇಳುತ್ತದೆ. ಆ ಐದು ಪಾಲಿನಲ್ಲಿ ಪೊಟ್ಯಾಶಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು, ಸಿಲಿಕಾ ಎಷ್ಟು, ಕ್ಲೋರಿನ್ ಎಷ್ಟು ಎಂಬುದರ ಮೇಲೆ ಭಟ್ಟಿಯ ನಡವಳಿಕೆ ನಿಂತಿರುತ್ತದೆ. ಭತ್ತದ ಹೊಟ್ಟನ್ನೇ ನೋಡಿ. ಅದರಲ್ಲಿ ಬೂದಿ ಶೇ 15ರಿಂದ 20ರವರೆಗೆ ಇರುತ್ತದೆ, ಅಂದರೆ ನಿಮ್ಮ ಬ್ರಿಕೆಟ್ಟಿನ ಮೂರು ನಾಲ್ಕು ಪಟ್ಟು. ಆದರೂ ಆ ಬೂದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಿಲಿಕಾ ಆಗಿರುವುದರಿಂದ ಮತ್ತು ಶುದ್ಧ ಸಿಲಿಕಾ ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ ಬೇಕಾಗುವುದರಿಂದ, ಹೊಟ್ಟಿನ ಬಾಯ್ಲರ್ ನಡೆಸುವವರು ಬೂದಿ ಹೊರಹಾಕುವ ಶ್ರಮದ ಬಗ್ಗೆ ಗೊಣಗುತ್ತಾರೆಯೇ ಹೊರತು ಕಿಟ್ಟ ಒಡೆಯುವ ಶ್ರಮದ ಬಗ್ಗೆ ಅಷ್ಟಾಗಿ ಗೊಣಗುವುದಿಲ್ಲ. ನಿಮ್ಮ ಬೂದಿ ಕಡಿಮೆಯೇ, ಆದರೆ ಅದು ಕರಗುವ ಬೂದಿ.

ಹಣ್ಣಿನ ತ್ಯಾಜ್ಯದಲ್ಲಿಯೇ ಇದು ಹೆಚ್ಚಾಗಿ ಕಾಣುವುದಕ್ಕೆ ಗಿಡದೊಳಗಿನ ವ್ಯವಸ್ಥೆಯೇ ಕಾರಣ. ಬೇರಿನಿಂದ ಮೇಲೇರುವ ನೀರಿನೊಂದಿಗೆ ಹೋಗುವ ಕ್ಯಾಲ್ಸಿಯಂ ಎಲೆಯಲ್ಲಿಯೂ ತೊಗಟೆಯಲ್ಲಿಯೂ ನೆಲೆಗೊಂಡುಬಿಡುತ್ತದೆ, ಅಲ್ಲಿಂದ ಮುಂದೆ ಹೆಚ್ಚು ಕದಲುವುದಿಲ್ಲ. ಪೊಟ್ಯಾಶಿಯಂ ಹಾಗಲ್ಲ, ಎಲೆಯಲ್ಲಿ ತಯಾರಾದ ಸಕ್ಕರೆ ಹಣ್ಣಿಗೆ ಹರಿಯುವ ದಾರಿಯಲ್ಲಿಯೇ ಅದೂ ಹರಿದು, ಹಣ್ಣು ಬಲಿಯುತ್ತ ಹೋದಂತೆ ಸಿಪ್ಪೆ, ತಿರುಳು, ಗೊಂಚಲಿನ ತೊಟ್ಟುಗಳಲ್ಲಿ ಸೇರಿಕೊಳ್ಳುತ್ತದೆ. ಹಣ್ಣಿಗೆ ಬಣ್ಣ ಮತ್ತು ಸಿಹಿ ಬರಲೆಂದು ರೈತರು ಕೊನೆಯ ಹಂತದಲ್ಲಿ ಪೊಟ್ಯಾಷ್ ಗೊಬ್ಬರ ಕೊಡುವುದೂ ಈ ಕಾರಣಕ್ಕೇ. ಹೀಗಾಗಿ ಒಂದೇ ಬಳ್ಳಿಯ ಗಟ್ಟಿ ಕಡ್ಡಿಯ ಬೂದಿಯಲ್ಲಿ ಕ್ಯಾಲ್ಸಿಯಂ ಮುಂದಿದ್ದರೆ, ತೊಟ್ಟು ಮತ್ತು ಹಿಂಡಿದ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಶಿಯಂ ಮುಂದಿರುತ್ತದೆ. ಒಣ ತೂಕದ ಲೆಕ್ಕದಲ್ಲಿ ದ್ರಾಕ್ಷಿ ಕಡ್ಡಿಯ ಬೂದಿ ಸಾಮಾನ್ಯವಾಗಿ ಶೇ 2ರಿಂದ 4, ದಾಳಿಂಬೆ ಸಿಪ್ಪೆಯದು ಶೇ 3ರಿಂದ 5, ದ್ರಾಕ್ಷಿ ತೊಟ್ಟಿನದು ಶೇ 5ರಿಂದ 10ರವರೆಗೆ ಬರುತ್ತದೆ. ಬಾಳೆಹಣ್ಣಿನ ಸಿಪ್ಪೆಯಂತೂ ಶೇ 10ನ್ನೂ ದಾಟುತ್ತದೆ, ಅದನ್ನು ಉರುವಲಿನ ಸಾಲಿನಲ್ಲಿ ಎಣಿಸದಿರುವುದೇ ಮೇಲು.

ಇದರೊಂದಿಗೆ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸಿಲಿಕಾ ಅಥವಾ ಕ್ಯಾಲ್ಸಿಯಂ ಆಕ್ಸಲೇಟಿನಂತೆ ಪೊಟ್ಯಾಶಿಯಂ ಗಿಡದ ಅಂಗಾಂಶದಲ್ಲಿ ಗಟ್ಟಿ ಹರಳಾಗಿ ಕೂತಿರುವುದಿಲ್ಲ. ಹೆಚ್ಚಿನ ಪಾಲು ಜೀವಕೋಶದ ರಸದಲ್ಲಿ ಕರಗಿದ ಲವಣವಾಗಿಯೇ ಇರುತ್ತದೆ. ಬೆಂಕಿಯಲ್ಲಿ ಅದು ಸುಲಭವಾಗಿ ಬಿಡುಗಡೆಯಾಗಿ ತೊಂದರೆ ಕೊಡುವುದಕ್ಕೂ, ನೀರಿನಲ್ಲಿ ಸುಲಭವಾಗಿ ಬಿಟ್ಟುಹೋಗುವುದಕ್ಕೂ ಕಾರಣ ಈ ಒಂದೇ ಗುಣ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಬೆಂಕಿಯೊಳಗೆ ಏನಾಗುತ್ತದೆ ಎಂಬುದು. ಪೊಟ್ಯಾಶಿಯಂ ಒಂದು ಒಳ್ಳೆಯ ಉತ್ಪ್ರೇರಕ. ಅದಿರುವ ಉರುವಲಿನ ಸೆಲ್ಯುಲೋಸ್ ಕಡಿಮೆ ಉಷ್ಣತೆಯಲ್ಲೇ ಒಡೆಯತೊಡಗುತ್ತದೆ, ಉರಿಯುವ ಅನಿಲ ಮತ್ತು ಟಾರ್ ಕಡಿಮೆಯಾಗಿ ಇದ್ದಿಲಿನ ಪಾಲು ಹೆಚ್ಚುತ್ತದೆ, ಆ ಇದ್ದಿಲೂ ಬೇಗ ಉರಿಯುತ್ತದೆ. ನಿಮ್ಮ ಬ್ರಿಕೆಟ್ ಜಾಲಿ ಕಟ್ಟಿಗೆಗಿಂತ ಬೇಗ ಹೊತ್ತಿಕೊಳ್ಳುವುದನ್ನು, ಜ್ವಾಲೆ ಇಳಿದ ಮೇಲೂ ಕೆಂಡ ಚೆನ್ನಾಗಿ ಕೆಂಪಗಿರುವುದನ್ನು ನೀವು ನೋಡಿರಬಹುದು. ಕೇಳುವುದಕ್ಕೆ ಇದು ಲಾಭವೇ. ಆದರೆ ಅನಿಲವಾಗಿ ಮೇಲೆ ಹೋಗಿ ಉರಿಯಬೇಕಾದ ಭಾಗ ಇದ್ದಿಲಾಗಿ ಗ್ರೇಟಿನ ಮೇಲೆಯೇ ಉಳಿದು ಉರಿಯುವುದರಿಂದ ಶಾಖವೆಲ್ಲ ಬೂದಿ ಇರುವ ಜಾಗದಲ್ಲೇ ಬಿಡುಗಡೆಯಾಗುತ್ತದೆ. ಕೆಳಗಿನಿಂದ ಜೋರಾಗಿ ಗಾಳಿ ಕೊಟ್ಟಾಗ ಕೆಂಡದ ಪದರದ ಉಷ್ಣತೆ 1,000 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ.

ಅಷ್ಟು ಉಷ್ಣತೆಯಲ್ಲಿ ಪೊಟ್ಯಾಶಿಯಂ ಲವಣಗಳ ಪಾಡೇನು? ಪೊಟ್ಯಾಶಿಯಂ ಕ್ಲೋರೈಡ್ 770 ಡಿಗ್ರಿಯಲ್ಲಿ, ಪೊಟ್ಯಾಶಿಯಂ ಕಾರ್ಬೊನೇಟ್ ಸುಮಾರು 890 ಡಿಗ್ರಿಯಲ್ಲಿ ಕರಗುತ್ತದೆ. ಪೊಟ್ಯಾಶಿಯಂ ಸಲ್ಫೇಟ್ ಮಾತ್ರ ಸುಮಾರು 1,070 ಡಿಗ್ರಿಯವರೆಗೆ ತಡೆಯುತ್ತದೆ. ಲವಣಗಳು ಬೆರೆತಾಗ ಕರಗುವ ಉಷ್ಣತೆ ಇನ್ನೂ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಿಲಿಕಾದೊಂದಿಗಿನ ಸಂಬಂಧ. ಒಂಟಿಯಾಗಿ 1,700 ಡಿಗ್ರಿಯವರೆಗೂ ಜಗ್ಗದ ಸಿಲಿಕಾ ತಕ್ಕ ಪ್ರಮಾಣದಲ್ಲಿ ಪೊಟ್ಯಾಶಿಯಂ ಸೇರಿದಾಗ 770 ಡಿಗ್ರಿಯ ಆಸುಪಾಸಿನಲ್ಲಿಯೇ ದ್ರವವಾಗತೊಡಗುತ್ತದೆ. ಮರಳು ಮತ್ತು ಕ್ಷಾರ ಸೇರಿಸಿ ಕಾಯಿಸಿ ಗಾಜು ಮಾಡುವುದೂ ಇದೇ ಕ್ರಿಯೆಯಿಂದ. ನಿಮ್ಮ ಗ್ರೇಟಿನ ಮೇಲಿರುವುದು ಗಾಜಿನಂಥ ವಸ್ತುವಲ್ಲ, ರಾಸಾಯನಿಕವಾಗಿ ಗಾಜೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದ್ರಾಕ್ಷಿ, ದಾಳಿಂಬೆ, ಲಿಂಬೆ ಯಾವುದರ ಸಿಪ್ಪೆಯಲ್ಲೂ ಸ್ವಾಭಾವಿಕವಾಗಿ ಸಿಲಿಕಾ ಹೆಚ್ಚಿರುವುದಿಲ್ಲ. ಹುಲ್ಲಿನ ಜಾತಿಯ ಜೋಳ, ಭತ್ತ, ಕಬ್ಬುಗಳಲ್ಲಿ ಇರುವುದು ಅದು. ಹಾಗಾದರೆ ನಿಮ್ಮ ಗಾಜಿಗೆ ಮರಳು ಎಲ್ಲಿಂದ ಬಂತು? ನನ್ನ ಅಂದಾಜಿನಲ್ಲಿ ಅದು ನೆಲದಿಂದ ಬಂದಿದೆ. ಶೆಡ್ಡಿನ ಕಸ ಎಂದು ನೀವು ಬರೆದಿರುವುದರಲ್ಲಿ ಗುಡಿಸಿ ತೆಗೆದ ಮಣ್ಣು ಎಷ್ಟಿತ್ತು? ಸಿಪ್ಪೆಯನ್ನು ಒಣಗಿಸಿದ್ದು ತಾಡಪತ್ರಿಯ ಮೇಲೋ, ಬರಿ ಕಣದಲ್ಲೋ? ಚಾಟ್ನಿ ಕಡ್ಡಿಯನ್ನು ಸಾಲುಗಳ ನಡುವೆ ಎಳೆದು ರಾಶಿ ಹಾಕಿದ್ದರೆ ಅದಕ್ಕೆ ಮೆತ್ತಿದ ಎರೆಮಣ್ಣು ಪುಡಿ ಯಂತ್ರದೊಳಗೂ ಹೋಗಿ ಬ್ರಿಕೆಟ್ಟಿನ ಪ್ರತಿ ಕಣಕ್ಕೂ ಹಂಚಿಹೋಗಿರುತ್ತದೆ. ಬ್ರಿಕೆಟ್ ಒತ್ತುವುದರಿಂದ ಆಗುವ ಒಂದು ನಷ್ಟ ಇದು. ಬಿಡಿ ಕಡ್ಡಿಯಾಗಿ ಉರಿಸಿದ್ದರೆ ಮಣ್ಣು ಉದುರಿ ಕೆಳಗೆ ಬೀಳುತ್ತಿತ್ತು. ಒತ್ತಿದ ಮೇಲೆ ಪೊಟ್ಯಾಶಿಯಂಗೂ ಮಣ್ಣಿಗೂ ಒಂದನ್ನೊಂದು ಬಿಟ್ಟು ಹೋಗಲು ದಾರಿಯಿಲ್ಲ.

ಮತ್ತೊಂದು ಮೂಲ ನಮ್ಮ ಭಾಗಕ್ಕೇ ವಿಶೇಷವಾದದ್ದು. ಒಣದ್ರಾಕ್ಷಿ ಮಾಡುವಾಗ ಗೊಂಚಲುಗಳನ್ನು ರ‍್ಯಾಕಿಗೆ ಹಾಕುವ ಮುನ್ನ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್, ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೀಟರಿಗೆ 25 ಗ್ರಾಂ ಕಾರ್ಬೊನೇಟ್ ಮತ್ತು 15 ಮಿಲಿ ಲೀಟರ್ ಎಣ್ಣೆ ಎಂಬುದು ರೂಢಿಯ ಪ್ರಮಾಣ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಬೇಗ ಒಣಗಲೆಂದು ಮಾಡುವ ಈ ಉಪಚಾರದಲ್ಲಿ ತೊಟ್ಟೂ ನೆನೆಯುತ್ತದೆ, ಆ ದ್ರಾವಣ ತೊಟ್ಟಿನ ಮೇಲೆಯೇ ಒಣಗುತ್ತದೆ. ಹುಟ್ಟಿನಿಂದಲೇ ಪೊಟ್ಯಾಶಿಯಂ ತುಂಬಿಕೊಂಡ ಭಾಗಕ್ಕೆ ಹೊರಗಿನಿಂದ ಇನ್ನೊಂದು ಲೇಪ ಕೊಟ್ಟಂತಾಯಿತು. ಆದ್ದರಿಂದ ವೈನ್ ಘಟಕದ ತೊಟ್ಟಿನ ಬಗ್ಗೆ ಹೊರದೇಶದ ಕೋಷ್ಟಕಗಳಲ್ಲಿ ಕಾಣುವ ಅಂಕಿಗಳನ್ನು ನಮ್ಮ ಒಣದ್ರಾಕ್ಷಿಯ ತೊಟ್ಟಿಗೆ ಹಾಗೆಯೇ ಅನ್ವಯಿಸಬಾರದು. ಕ್ಲೋರಿನ್ ವಿಷಯದಲ್ಲೂ ಸ್ಥಳೀಯ ಕಾರಣಗಳಿವೆ. ಸವಳು ಬೋರ್‌ವೆಲ್ ನೀರು, ಪೊಟ್ಯಾಷ್ ಗೊಬ್ಬರವಾಗಿ ಹಾಕಿದ ಪೊಟ್ಯಾಶಿಯಂ ಕ್ಲೋರೈಡ್ ಇವೆರಡೂ ಗಿಡದಲ್ಲಿ ಕ್ಲೋರೈಡನ್ನು ಹೆಚ್ಚಿಸುತ್ತವೆ. ಕಡ್ಡಿಯ ಜೊತೆ ಪಿವಿಸಿ ಪೈಪಿನ ತುಂಡು ಪುಡಿ ಯಂತ್ರಕ್ಕೆ ಹೋದರೆ ಅದೂ ಕ್ಲೋರಿನ್ನೇ.

ಹೀಗಾಗಿ ತಪ್ಪು ಯಾವ ಹಣ್ಣಿನದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಪೊಟ್ಯಾಶಿಯಂನ ದೊಡ್ಡ ಪಾಲು ಒಣದ್ರಾಕ್ಷಿ ತೊಟ್ಟಿನದು, ಸಿಲಿಕಾದ ದೊಡ್ಡ ಪಾಲು ಮಣ್ಣಿನದು. ದಾಳಿಂಬೆ ಸಿಪ್ಪೆ ಮಧ್ಯಮ ದರ್ಜೆಯ ಅಪರಾಧಿ. ಲಿಂಬೆ ಸಿಪ್ಪೆಯಲ್ಲಿ ಪೊಟ್ಯಾಶಿಯಂ ಜೊತೆಗೆ ಕ್ಯಾಲ್ಸಿಯಂ ಕೂಡ ಸಾಕಷ್ಟಿರುವುದರಿಂದ ಅದರ ಬೂದಿ ತುಸು ಹೆಚ್ಚು ಉಷ್ಣತೆ ತಡೆಯುತ್ತದೆ. ಚಾಟ್ನಿ ಕಡ್ಡಿ ಮಣ್ಣಿಲ್ಲದೆ ಬಂದರೆ ಇವುಗಳಲ್ಲೆಲ್ಲ ಉತ್ತಮ. ಬೀಜಗಳ ವಿಷಯದಲ್ಲಿ ರಂಜಕವನ್ನೂ (ಫಾಸ್ಫರಸ್) ನೆನಪಿಡಬೇಕು. ಕ್ಯಾಲ್ಸಿಯಂ ಜೊತೆ ಸೇರಿದ ರಂಜಕ ನಿರುಪದ್ರವಿ, ಪೊಟ್ಯಾಶಿಯಂ ಜೊತೆ ಸೇರಿದ್ದು ಬೇಗ ಕರಗುತ್ತದೆ.

ಇದನ್ನೆಲ್ಲ ಅಂದಾಜಿಗೆ ಬಿಡದೆ ಒಂದು ಅಂಕಿಗೆ ತರಬಹುದು. ಬಾಯ್ಲರ್ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಕ್ಷಾರ ಸೂಚ್ಯಂಕವು ಉರುವಲು ಕೊಡುವ ಪ್ರತಿ ಗಿಗಾ ಜೌಲ್ ಶಾಖದ ಜೊತೆ ಎಷ್ಟು ಕಿಲೋ ಪೊಟ್ಯಾಶಿಯಂ ಮತ್ತು ಸೋಡಿಯಂ ಆಕ್ಸೈಡ್ ಭಟ್ಟಿಯೊಳಕ್ಕೆ ಬರುತ್ತದೆ ಎಂಬುದನ್ನು ಹೇಳುತ್ತದೆ. ಅದು 0.17ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ, 0.17ರಿಂದ 0.34ರ ನಡುವೆ ಇದ್ದರೆ ಕಿಟ್ಟ ಮತ್ತು ಪದರ ಕಟ್ಟುವ ಸಂಭವವಿದೆ, 0.34ನ್ನು ಮೀರಿದರೆ ಬಹುತೇಕ ಖಚಿತ ಎಂಬುದು ಅದರ ಅರ್ಥ. ನಿಮ್ಮ ಬ್ರಿಕೆಟ್ಟಿನ ಬೂದಿಯಲ್ಲಿ ಪೊಟ್ಯಾಶಿಯಂ ಆಕ್ಸೈಡ್ ಶೇ 35 ಇದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಹಣ್ಣಿನ ತ್ಯಾಜ್ಯಕ್ಕೆ ಅದು ಅತಿಶಯವಲ್ಲ. ಬೂದಿ ಶೇ 5 ಆದ್ದರಿಂದ ಒಂದು ಕಿಲೋ ಬ್ರಿಕೆಟ್ಟಿನಲ್ಲಿ 17.5 ಗ್ರಾಂ ಪೊಟ್ಯಾಶಿಯಂ ಆಕ್ಸೈಡ್ ಆಯಿತು. 3,800 ಕಿಲೋ ಕ್ಯಾಲೊರಿ ಎಂದರೆ ಸುಮಾರು 16 ಮೆಗಾ ಜೌಲ್. ಭಾಗಿಸಿದರೆ ಸೂಚ್ಯಂಕ 1.09 ಬರುತ್ತದೆ, ಅಂದರೆ ಖಚಿತ ತೊಂದರೆಯ ಗೆರೆಯ ಮೂರು ಪಟ್ಟು. ಬೂದಿ ಶೇ 1, ಅದರಲ್ಲಿ ಪೊಟ್ಯಾಶಿಯಂ ಆಕ್ಸೈಡ್ ಶೇ 12, ಶಾಖಮೌಲ್ಯ 18 ಮೆಗಾ ಜೌಲ್ ಇರುವ ಒಳ್ಳೆಯ ಕಟ್ಟಿಗೆಗೆ ಇದೇ ಲೆಕ್ಕ ಹಾಕಿದರೆ 0.07 ಮಾತ್ರ. ಆ ಕಟ್ಟಿಗೆಯ ಜೊತೆ ನಿಮ್ಮ ಬ್ರಿಕೆಟ್ಟನ್ನು ತೂಕದಲ್ಲಿ ಐದನೇ ಒಂದು ಪಾಲು ಬೆರೆಸಿದರೆ ಸೂಚ್ಯಂಕ ಸುಮಾರು 0.25 ಆಗಿ ಅಪಾಯದ ವಲಯದಲ್ಲಿಯೇ ಉಳಿಯುತ್ತದೆ. ಹತ್ತನೇ ಒಂದು ಪಾಲಿಗೆ ಇಳಿಸಿದರೆ 0.16 ಆಗಿ ಗೆರೆಯ ಕೆಳಗೆ ಬರುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಅರ್ಧ ತೊಂದರೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಬೆರಕೆಗೆ ಆರಿಸುವ ಉರುವಲೂ ಮುಖ್ಯ. ಜಾಲಿಯಂಥ ಗಟ್ಟಿ ಕಟ್ಟಿಗೆ ಒಳ್ಳೆಯದು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಬೇರಿನ ಮಣ್ಣು ಕೊಡವಿ ತಂದರೆ ನಡೆದೀತು. ಭತ್ತದ ಹೊಟ್ಟು ಮತ್ತು ಜೋಳದ ಕಣಿಕೆಯನ್ನು ಮಾತ್ರ ಹಣ್ಣಿನ ತ್ಯಾಜ್ಯಕ್ಕೆ ಸೇರಿಸಬೇಡಿ. ಹೊಟ್ಟು ತಾನಾಗಿ ಕಿಟ್ಟ ಕಟ್ಟುವುದು ಕಡಿಮೆ, ಆದರೆ ಪೊಟ್ಯಾಶಿಯಂ ತುಂಬಿದ ಉರುವಲಿಗೆ ಸಿಲಿಕಾ ಒದಗಿಸಿಕೊಡುವ ಕೆಲಸವನ್ನು ಅದು ಮಾಡುತ್ತದೆ.

ಈಗ ತೊಳೆಯುವ ವಿಷಯ. ಇದಕ್ಕೆ ಸಾಕ್ಷಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿಯೇ ಇದೆ. ಒಂದೇ ಕಬ್ಬಿನಿಂದ ಬರುವ ಬಗಾಸ್ (ರಸ ಹಿಂಡಿದ ಸಿಪ್ಪೆ) ಅಲ್ಲಿನ ಬಾಯ್ಲರುಗಳಲ್ಲಿ ಹೆಚ್ಚು ತಕರಾರಿಲ್ಲದೆ ಉರಿಯುತ್ತದೆ; ಅದೇ ಕಬ್ಬಿನ ರವದಿಯನ್ನು (ಒಣ ಎಲೆಯನ್ನು) ಹೆಚ್ಚಾಗಿ ಹಾಕಿದರೆ ಟ್ಯೂಬುಗಳಿಗೆ ಬೂದಿ ಅಂಟತೊಡಗುತ್ತದೆ. ರವದಿಯಲ್ಲಿ ಪೊಟ್ಯಾಶಿಯಂ ಮತ್ತು ಕ್ಲೋರಿನ್ ಹಾಗೆಯೇ ಉಳಿದಿರುತ್ತವೆ. ಬಗಾಸ್ ಆದರೋ ಗಾಣದ ಸಾಲಿನಲ್ಲಿ ಪದೇ ಪದೇ ಹಿಂಡಿಸಿಕೊಂಡು, ಉಳಿದ ಸಕ್ಕರೆ ತೆಗೆಯಲೆಂದು ಸುರಿಯುವ ಬಿಸಿನೀರಿನಲ್ಲಿ ನೆನೆದು ಬರುತ್ತದೆ. ಕಾರ್ಖಾನೆಯವರು ಸಕ್ಕರೆಗಾಗಿ ಮಾಡುವ ಈ ಕೆಲಸದಲ್ಲಿ ಲವಣಗಳೂ ರಸಕ್ಕೆ ಹೋಗಿಬಿಡುತ್ತವೆ. ಅವು ಕೊನೆಗೆ ಕಾಕಂಬಿಗೆ, ಅಲ್ಲಿಂದ ಡಿಸ್ಟಿಲರಿಯಲ್ಲಿ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಎಂಬ ದ್ರವಕ್ಕೆ ಸೇರುತ್ತವೆ. ಆ ಸ್ಪೆಂಟ್ ವಾಶನ್ನು ಸಾಂದ್ರಗೊಳಿಸಿ ಉರಿಸುವ ಬಾಯ್ಲರುಗಳಲ್ಲಿ ಟ್ಯೂಬಿಗೆ ಪದರ ಕಟ್ಟುವುದು ಹೆಸರುವಾಸಿಯಾದ ಪೀಡೆ. ಕಬ್ಬಿನಲ್ಲಿದ್ದ ಪೊಟ್ಯಾಶಿಯಂ ಒಂದು ಬಾಯ್ಲರನ್ನು ತಪ್ಪಿಸಿಕೊಂಡು ಇನ್ನೊಂದು ಬಾಯ್ಲರಿನಲ್ಲಿ ಕಾಣಿಸಿಕೊಂಡಿತು, ಅಷ್ಟೆ.

ಹಣ್ಣಿನ ತ್ಯಾಜ್ಯವನ್ನೂ ಹೀಗೆ ತೊಳೆಯಬಹುದು. ಪೊಟ್ಯಾಶಿಯಂ ಕರಗಿದ ಲವಣವಾಗಿಯೇ ಇರುವುದರಿಂದ ಆಮ್ಲವೂ ಬೇಡ, ಬಿಸಿನೀರೂ ಬೇಡ. ಸಣ್ಣಗೆ ಕತ್ತರಿಸಿ ಅಥವಾ ಜಜ್ಜಿ, ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಸಿ, ಹಿಂಡಿ ತೆಗೆಯುವುದನ್ನು ಎರಡು ಸಲ ಮಾಡಿದರೆ ಪೊಟ್ಯಾಶಿಯಂ ಮತ್ತು ಕ್ಲೋರೈಡಿನ ಬಹುಪಾಲು ಹೊರಟುಹೋಗುತ್ತದೆ. ಹಿಂಡುವುದನ್ನು ಬಿಟ್ಟರೆ ಲವಣದ ನೀರು ಒಳಗೇ ಉಳಿದು ಅಲ್ಲೇ ಒಣಗುತ್ತದೆ, ಆಗ ನೆನೆಸಿದ್ದು ವ್ಯರ್ಥ. ಪೊಟ್ಯಾಶಿಯಂನ ಐದರಲ್ಲಿ ನಾಲ್ಕು ಪಾಲು ಹೋಯಿತೆಂದು ಇಟ್ಟುಕೊಂಡರೆ ಮೇಲಿನ ಸೂಚ್ಯಂಕ 1.09ರಿಂದ 0.22ಕ್ಕೆ ಇಳಿಯುತ್ತದೆ, ಅದನ್ನು ಕಟ್ಟಿಗೆಯ ಜೊತೆ ಸಮಪಾಲಿನಲ್ಲಿ ಬೆರೆಸಿದರೆ 0.14. ತೊಳೆಯದ ಬ್ರಿಕೆಟ್ ಹತ್ತನೇ ಒಂದು ಪಾಲು ಮಾತ್ರ ಸಲ್ಲುತ್ತಿದ್ದ ಜಾಗದಲ್ಲಿ ತೊಳೆದದ್ದು ಅರ್ಧದಷ್ಟು ಸಲ್ಲುತ್ತದೆ.

ಆದರೆ ಇದಕ್ಕೆ ನೀರು ಬೇಕು, ನಮ್ಮ ಜಿಲ್ಲೆಯಲ್ಲಿ ಅದೇ ದುಬಾರಿ. ಒಂದು ಕಿಲೋ ಒಣ ತೊಟ್ಟಿಗೆ ಹತ್ತು ಲೀಟರ್ ಎಂದು ಹಿಡಿದರೂ ಒಂದು ಟನ್ನಿಗೆ 10,000 ಲೀಟರ್ ಆಯಿತು. ಎರಡನೆಯ ಸಲ ತೊಳೆದ ನೀರು ಹೆಚ್ಚು ಕೆಟ್ಟಿರುವುದಿಲ್ಲ, ಅದನ್ನು ಮುಂದಿನ ರಾಶಿಯ ಮೊದಲ ತೊಳೆತಕ್ಕೆ ಬಳಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಬೋರ್‌ವೆಲ್ ನೀರು ಸವಳಾಗಿದ್ದರೆ ತೊಳೆಯುವುದರ ಪ್ರಯೋಜನ ಕಡಿಮೆ, ಏಕೆಂದರೆ ಪೊಟ್ಯಾಶಿಯಂ ಹೋದ ಜಾಗಕ್ಕೆ ಸೋಡಿಯಂ ಮತ್ತು ಕ್ಲೋರೈಡ್ ಬಂದು ಕೂರುತ್ತವೆ. ತೊಳೆದದ್ದನ್ನು ಒಣಗಿಸುವುದಕ್ಕೆ ಮಾತ್ರ ನಮ್ಮ ಬಿಸಿಲನ್ನು ಮೀರಿಸುವವರಿಲ್ಲ; ಒಣದ್ರಾಕ್ಷಿ ಹಂಗಾಮು ಮುಗಿದು ರ‍್ಯಾಕುಗಳು ಖಾಲಿಯಾಗುವ ಬೇಸಿಗೆಯ ಕೊನೆಯಲ್ಲಿ ತೊಟ್ಟು ಸಿಗುತ್ತದೆ, ಬಿಸಿಲೂ ಇರುತ್ತದೆ. ನೆಲಕ್ಕೆ ಹರವಿ ಮತ್ತೆ ಮಣ್ಣು ಹತ್ತಿಸಿಕೊಳ್ಳಬೇಡಿ. ತೊಳೆದ ನೀರಿನಲ್ಲಿ ಪೊಟ್ಯಾಶಿಯಂ ಇರುವುದು ನಿಜವಾದರೂ ಸಕ್ಕರೆ ಮತ್ತು ಟ್ಯಾನಿನ್ ಕೂಡ ಇರುವುದರಿಂದ ನೇರವಾಗಿ ಡ್ರಿಪ್ಪಿಗೆ ಬಿಟ್ಟರೆ ಡ್ರಿಪ್ಪರುಗಳಲ್ಲಿ ಲೋಳೆ ಕಟ್ಟುತ್ತದೆ. ಕಾಂಪೋಸ್ಟ್ ಗುಂಡಿಯ ತೇವಕ್ಕೆ ಬಳಸುವುದು ಸೂಕ್ತ.

ತೊಳೆಯಲಾಗದವರು ಸೇರ್ಪಡೆಯ ಪುಡಿಗಳನ್ನು ಕೇಳುತ್ತಾರೆ. ಕೇಯೋಲಿನ್, ಅಂದರೆ ಚೀನೀ ಜೇಡಿ, ಪೊಟ್ಯಾಶಿಯಂ ಆವಿಯನ್ನು ಹಿಡಿದು 1,600 ಡಿಗ್ರಿಗೂ ಮೇಲೆ ಕರಗುವ ಅಲ್ಯುಮಿನೊ ಸಿಲಿಕೇಟ್ ಖನಿಜವಾಗಿ ಕಟ್ಟಿಹಾಕುತ್ತದೆ. ಲೆಕ್ಕದ ಪ್ರಕಾರ ನಿಮ್ಮ ಕಿಲೋ ಬ್ರಿಕೆಟ್ಟಿನ 17.5 ಗ್ರಾಂ ಪೊಟ್ಯಾಶಿಯಂ ಆಕ್ಸೈಡನ್ನು ಪೂರ್ತಿ ಹಿಡಿಯಲು ಸುಮಾರು 48 ಗ್ರಾಂ ಕೇಯೋಲಿನ್ ಬೇಕು. ಬೂದಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಖರ್ಚು ಬೇರೆ. ಜೇಡಿಯೇ ಸಾಕಾದರೆ ಎರೆಮಣ್ಣೂ ಜೇಡಿಯೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಎರೆಮಣ್ಣಿನ ಜೇಡಿಯಲ್ಲಿ ಅಲ್ಯುಮಿನಾಕ್ಕೆ ಹೋಲಿಸಿದರೆ ಸಿಲಿಕಾ ಹೆಚ್ಚು, ಜೊತೆಗೆ ಕಬ್ಬಿಣ ಮತ್ತು ಮೆಗ್ನೀಸಿಯಂ ಇರುತ್ತವೆ. ಅದು ಪೊಟ್ಯಾಶಿಯಂ ಕಟ್ಟಿಹಾಕುವ ಬದಲು ತಾನೂ ಅದರೊಂದಿಗೆ ಕರಗುತ್ತದೆ. ಸುಣ್ಣಕಲ್ಲಿನ ಪುಡಿ ಬಾಗಲಕೋಟೆ ಜಿಲ್ಲೆಯಲ್ಲಿ ಸಿಗುವ ಸರಕು. ಅದು ಕರಗಿದ ಬೂದಿಯನ್ನು ಗಟ್ಟಿ ಮಾಡಿ ಕಿಟ್ಟವನ್ನು ತಗ್ಗಿಸುತ್ತದೆ ನಿಜ, ಆದರೆ ಪೊಟ್ಯಾಶಿಯಂ ಅನ್ನು ಹಿಡಿಯುವುದಿಲ್ಲ. ಗ್ರೇಟ್ ಸ್ವಚ್ಛವಾಗಿ ಟ್ಯೂಬುಗಳ ಪದರ ಹೆಚ್ಚುವ ಸಾಧ್ಯತೆ ಇದೆ.

ಆ ಬಿಳಿ ಪದರದ ಬಗ್ಗೆ ಹೇಳುವುದಾದರೆ, ಅದು ಆವಿಯಾಗಿ ಮೇಲೆ ಹೋದ ಪೊಟ್ಯಾಶಿಯಂ ಕ್ಲೋರೈಡ್ ಮತ್ತು ಸಲ್ಫೇಟ್ ತಣ್ಣನೆಯ ಲೋಹಕ್ಕೆ ತಗುಲಿ ಘನವಾದದ್ದು. ಶಾಖ ನೀರಿಗೆ ದಾಟದೆ ಚಿಮಣಿಯ ಪಾಲಾಗುತ್ತದೆ, ಅದಕ್ಕೇ ಹೊಗೆಯ ಉಷ್ಣತೆ ಏರಿರುವುದು. ಕ್ಲೋರೈಡ್ ಟ್ಯೂಬನ್ನೇ ತಿನ್ನುತ್ತದೆಯೇ ಎಂಬ ಭಯ ಬರುವುದು ಸಹಜ. ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್ ಹೀಟರ್ ಇರುವ ದೊಡ್ಡ ವಿದ್ಯುತ್ ಘಟಕಗಳಲ್ಲಿ, ಲೋಹದ ಮೈ 450 ಡಿಗ್ರಿ ದಾಟಿದ ಕಡೆ ಅದು ನಿಜವಾದ ಅಪಾಯ. ನಿಮ್ಮಂಥ ಸಣ್ಣ ಬಾಯ್ಲರಿನಲ್ಲಿ 7 ಕಿಲೋ ಒತ್ತಡದ ಹಬೆಯ ಉಷ್ಣತೆ ಸುಮಾರು 170 ಡಿಗ್ರಿ, ಟ್ಯೂಬಿನ ಲೋಹ ಅದಕ್ಕಿಂತ ತುಸು ಮೇಲಿರುತ್ತದೆ ಅಷ್ಟೆ. ಬಾಯ್ಲರ್ ನಡೆಯುವಾಗ ಈ ಸವೆತ ನಿಮಗೆ ದೊಡ್ಡ ಚಿಂತೆಯಲ್ಲ. ನಿಂತಾಗ ಮಾತ್ರ ಎಚ್ಚರ ಬೇಕು. ಈ ಲವಣಗಳು, ವಿಶೇಷವಾಗಿ ಕಾರ್ಬೊನೇಟ್, ಗಾಳಿಯ ತೇವ ಹೀರಿಕೊಂಡು ಒದ್ದೆಯಾಗುತ್ತವೆ. ಹಂಗಾಮು ಮುಗಿಸಿ ಪದರವನ್ನು ಹಾಗೆಯೇ ಬಿಟ್ಟು ಮಳೆಗಾಲ ಕಳೆದರೆ ಟ್ಯೂಬಿನ ಒಳಮೈ ತುಕ್ಕು ಹಿಡಿದು ಗುಳಿ ಬೀಳುತ್ತದೆ. ಬಾಯ್ಲರ್ ಆರಿಸಿದ ವಾರದಲ್ಲಿಯೇ ಬ್ರಷ್ ಹಾಕಿಸಿ ಒಣಗಿಸಿಡಿ.

ಗಾಳಿಯ ಹೊಂದಾಣಿಕೆಯಿಂದಲೂ ಸ್ವಲ್ಪ ಪರಿಹಾರವಿದೆ. ಗ್ರೇಟಿನ ಕೆಳಗಿನ ಗಾಳಿಯನ್ನು ತಗ್ಗಿಸಿ ಜ್ವಾಲೆಯ ಮೇಲ್ಭಾಗಕ್ಕೆ ಹೆಚ್ಚು ಕೊಟ್ಟರೆ ಕೆಂಡದ ಪದರ ತಂಪಾಗಿರುತ್ತದೆ. ತೆಳುವಾಗಿ ಹಾಕಿ, ಬೂದಿಯನ್ನು ಆಗಾಗ ಇಳಿಸಿ. ಕೆದಕುವಾಗ ಬೂದಿಯನ್ನು ಮೇಲಕ್ಕೆತ್ತಿ ಕೆಂಡಕ್ಕೆ ಬೆರೆಸುವ ಅಭ್ಯಾಸ ಅನೇಕ ಫೈರ್‌ಮನ್‌ಗಳಿಗಿದೆ, ಅದನ್ನು ಬಿಡಿಸಬೇಕು. ಕೆಳಗೆ ತಣ್ಣಗಾಗುತ್ತಿದ್ದ ಬೂದಿಯನ್ನು ಮತ್ತೆ ಕರಗುವ ಜಾಗಕ್ಕೆ ಕಳಿಸಿದಂತಾಗುತ್ತದೆ.

ಮುಂದಿನ ಸಲ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಬೂದಿಯನ್ನು 550 ಡಿಗ್ರಿಯಲ್ಲಿ ಮಾಡಿಕೊಡಲು ಬರೆದು ಕೇಳಿ. ಕಲ್ಲಿದ್ದಲಿಗೆ ರೂಢಿಯಲ್ಲಿರುವ 815 ಡಿಗ್ರಿಯಲ್ಲಿ ಸುಟ್ಟರೆ ಪೊಟ್ಯಾಶಿಯಂನ ಒಂದು ಪಾಲು ಆವಿಯಾಗಿ ಹೋಗಿ ಬೂದಿ ಕಡಿಮೆಯೆಂದು ತೋರುತ್ತದೆ. ಬೂದಿಯ ಪೊಟ್ಯಾಶಿಯಂ ಅಳೆಯಲು ದುಬಾರಿ ಯಂತ್ರವೇನೂ ಬೇಡ, ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿರುವ ಫ್ಲೇಮ್ ಫೋಟೋಮೀಟರ್ ಸಾಕು. ಮಫಲ್ ಫರ್ನೇಸ್ (ಪ್ರಯೋಗಾಲಯದ ಮುಚ್ಚಿದ ಕುಲುಮೆ) ಇರುವ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅನುಮತಿ ಸಿಕ್ಕರೆ, ಬೂದಿಯನ್ನು ಸಣ್ಣ ಬಿಲ್ಲೆಯಾಗಿ ಒತ್ತಿ 700, 800, 900, 1,000 ಡಿಗ್ರಿಗಳಲ್ಲಿ ಒಂದೊಂದು ಗಂಟೆ ಇಟ್ಟು, ತಣಿದ ಮೇಲೆ ಬೆರಳಿನಿಂದ ಒತ್ತಿ ನೋಡಿ. ಪುಡಿಯಾದರೆ ಆ ಉಷ್ಣತೆ ಸುರಕ್ಷಿತ, ಗಟ್ಟಿಯಾಗಿದ್ದರೆ ಅಂಟುವಿಕೆ ಶುರುವಾಗಿದೆ, ಹೊಳೆಯುತ್ತಿದ್ದರೆ ಕರಗಿದೆ. ಬೂದಿ ಕರಗುವ ಉಷ್ಣತೆ ಎಂದು ವರದಿಗಳಲ್ಲಿ ಕೊಡುವ ಅಂಕಿಗಿಂತ ಸಾಕಷ್ಟು ಮೊದಲೇ ಅಂಟುವಿಕೆ ಆರಂಭವಾಗುವುದರಿಂದ ಈ ಒರಟು ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಬೂದಿಯ ಬಗ್ಗೆ ಕೇಳಿದ್ದೀರಿ. ಅದರಲ್ಲಿ ಪೊಟ್ಯಾಷ್ ಇದೆ, ಅದಕ್ಕೆ ಬೆಲೆಯೂ ಇದೆ. ಸ್ಪೆಂಟ್ ವಾಶ್ ಉರಿಸಿ ಬರುವ ಬೂದಿಯಿಂದ ಮಾಡುವ, ಶೇ 14.5 ಪೊಟ್ಯಾಷ್ ಇರುವ ಗೊಬ್ಬರವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಹಾಯಧನದ ಪಟ್ಟಿಗೇ ಸೇರಿಸಿತು. ಆದರೆ ಎರಡು ಷರತ್ತುಗಳಿವೆ. ಗಾಜಾದ ಕಿಟ್ಟದೊಳಗಿನ ಪೊಟ್ಯಾಶಿಯಂ ನೀರಿಗೆ ಬಿಡುವುದಿಲ್ಲ, ಆದ್ದರಿಂದ ಪುಡಿ ಬೂದಿಗೆ ಮಾತ್ರ ಗೊಬ್ಬರದ ಗುಣವಿದೆ. ಇನ್ನು ಆ ಪುಡಿ ಬೂದಿ ಬಲವಾದ ಕ್ಷಾರ, ತಿಕೋಟಾ ಭಾಗದ ಸುಣ್ಣ ತುಂಬಿದ ಎರೆಭೂಮಿಯೂ ಕ್ಷಾರವೇ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ ಕಡ್ಡಿಯ ಬೂದಿಯಲ್ಲಿ ತಾಮ್ರವೂ ಉಳಿದಿರುತ್ತದೆ. ನಿಮ್ಮ ದ್ರಾಕ್ಷಿ ತೋಟಕ್ಕೆ ಅದನ್ನು ಹಾಕಬೇಡಿ ಎಂಬುದೇ ನನ್ನ ಸಲಹೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಹೆಚ್ಚು ಮಳೆಯ, ಹುಳಿ ಗುಣದ ಕೆಂಪು ಮಣ್ಣಿಗೆ ಅದೇ ಬೂದಿ ಮಿತವಾಗಿ ಸಲ್ಲುತ್ತದೆ.

ಈಗ ಉಳಿದಿರುವ ಬ್ರಿಕೆಟ್ ದಾಸ್ತಾನನ್ನು ಎಸೆಯಬೇಕಾಗಿಲ್ಲ. ಒತ್ತಿದ ಬ್ರಿಕೆಟ್ಟನ್ನು ನೆನೆಸಿದರೆ ಬಿಚ್ಚಿಹೋಗುತ್ತದೆ, ಆದ್ದರಿಂದ ಅದನ್ನು ತೊಳೆಯಲು ಹೋಗಬೇಡಿ. ಮಳೆ ತಾಗದಂತೆ ಇಟ್ಟು, ಗ್ರೇಟನ್ನೂ ಟ್ಯೂಬುಗಳನ್ನೂ ಪೂರ್ತಿ ಸ್ವಚ್ಛ ಮಾಡಿಸಿದ ನಂತರ ಜಾಲಿ ಕಟ್ಟಿಗೆಯ ಜೊತೆ ಹತ್ತನೇ ಒಂದು ಪಾಲಿನಂತೆ ಹಾಕಿರಿ. ಒಂದೇ ಸಲ ಬುಟ್ಟಿಗಟ್ಟಲೆ ಸುರಿಯದೆ ಪ್ರತಿ ಸರತಿಗೂ ಹಂಚಿ ಹಾಕಬೇಕು, ಏಕೆಂದರೆ ದಿನದ ಲೆಕ್ಕದಲ್ಲಿ ಹತ್ತನೇ ಒಂದು ಪಾಲಾಗಿದ್ದರೂ ಒಂದೇ ಕಡೆ ರಾಶಿ ಬಿದ್ದರೆ ಆ ಜಾಗದ ಬೂದಿ ಮೊದಲಿನಂತೆಯೇ ಕರಗುತ್ತದೆ. ಹೊಗೆಯ ಉಷ್ಣತೆಯನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ಹೊರೆಯಲ್ಲಿ ಬರೆದಿಡಿ. ಅದು ಸ್ವಚ್ಛ ಮಾಡಿದ ದಿನಕ್ಕಿಂತ 30, 40 ಡಿಗ್ರಿ ಏರಿದಾಗ ಬಾಯ್ಲರ್ ನಿಲ್ಲಿಸಿ ಬ್ರಷ್ ಹಾಕಿಸಿರಿ.